ನವಧಾನ್ಯದ ಹತ್ತನೆಯ ಕಾಳು

"ಅಣ್ಣಾರ, ಹಿಂದ ಲಾರಿಯವ ಹಾರ್ನ್ ಹೊಡ್ಯಾಕತ್ತಾನ. ಅವಗಾದ್ರೂ ದಾರಿ ಬಿಡ್ರಿ," ಎಂದ ಸಿದ್ದಲಿಂಗ, ಕಾರಿನ ಹಿಂದಿನ ಸೀಟಿನಿಂದ.

"ಬೋರ್ಡಲ್ಲಿ ಎಪ್ಪತ್ತು ಅಂತಿದೆ, ನಾನು ಅರವತ್ತೈದರಲ್ಲೇ ಹೋಗ್ತೀನಿ. ಡಿಸಿಷನ್ ಬರೋವರೆಗೂ ನಂಗೆ ಒಂದು ಪಾರ್ಕಿಂಗ್ ಫೈನೂ ಬೇಡ," ಎಂದ ಪ್ರಭಾಕರ. ಆದರೂ ಪಕ್ಕಕ್ಕೆ ಸರಿದು ಲಾರಿಗೆ ದಾರಿ ಬಿಟ್ಟ.

ಡಿಸಿಷನ್ ಎಂದರೆ ಸ್ವೀಡನ್ನಿನ ಪೌರತ್ವದ ತೀರ್ಮಾನ. ಅರ್ಜಿ ಹಾಕಿ ಯಾವ ಕಾಲವಾಗಿತ್ತೋ! ಹೋದ ವಾರವಷ್ಟೇ ಪಾಸ್‌ಪೋರ್ಟ್ ತೋರಿಸಿ ಎಂದು ಕರೆ ಬಂದಿತ್ತು. ಹಾಗೆ ಕರೆದರೆಂದರೆ ಕೆಲಸ ಮುಗಿದಂತೆಯೇ ಎಂದು ಸ್ಟಾಕ್‌ಹೋಮಿನ ಕನ್ನಡದವರೆಲ್ಲ ಧೈರ್ಯ ಹೇಳಿದ್ದರು. ಹೇಳಿ ಸುಮ್ಮನಿರದೆ, ಯಾರದೋ ಮೇಲೆ ಪೊಲೀಸರ ಬಳಿ ಒಂದು ಸಣ್ಣ ಸಂಶಯ ದಾಖಲಾಗಿ, ಅವರ ಅರ್ಜಿ ಮೂಲೆಗೆ ಬಿದ್ದ ಕತೆಯನ್ನೂ ಸೇರಿಸಿದ್ದರು. ಅಂದಿನಿಂದ ಪ್ರಭಾಕರ ಸೈಕಲ್ಲನ್ನೂ ಸಿಗ್ನಲ್ ನೋಡಿಯೇ ತುಳಿಯುತ್ತಿದ್ದ. ಇವತ್ತು ಮನೆಯಲ್ಲೇ ಉಳಿದಿದ್ದ ಮಗಳು ಚಾರ್ವಿ ಮಾತ್ರ ಇದನ್ನೆಲ್ಲ ಕಿವಿಗೆ ಹಾಕಿಕೊಂಡವಳಲ್ಲ. ಹುಟ್ಟಿದ್ದು ಇಲ್ಲಿಯದೇ ವೆಸ್ಟೆರಾಸ್ ಊರಿನಲ್ಲಿ, ಜಗಳವಾಡುವುದೂ ಸ್ವೀಡಿಷ್‌ನಲ್ಲಿ; ತಾನು ಇಲ್ಲಿಯವಳೋ ಅಲ್ಲವೋ ಎಂಬುದು ಅವಳಿಗೆ ಪ್ರಶ್ನೆಯೇ ಅಲ್ಲ. ಆ ಪ್ರಶ್ನೆಯನ್ನು ಅವಳ ಪಾಲಿಗೂ ಹೊತ್ತುಕೊಂಡು ತಿರುಗುತ್ತಿದ್ದವಳು ಅವಳ ತಾಯಿ ಗೀತಾ.

ಇವತ್ತು ಮಾತ್ರ ಗೀತಾಳ ಮನಸ್ಸು ಬೇರೆ ಕಡೆ ಇತ್ತು. ಹೆರ್ಯೆದಾಲೆನ್ ಸೀಮೆಯ ಬೆಟ್ಟದ ಮೇಲೆ, ಮರಗಳು ಗಿಡ್ಡವಾಗುತ್ತ ಹೋಗಿ ಆಕಾಶ ಅಗಲವಾಗುವ ಎತ್ತರದಲ್ಲಿ, ಅವರೊಂದು ತುಂಡು ಜಾಗ ಕೊಂಡಿದ್ದರು. ಅಲ್ಲೊಂದು ಸಣ್ಣ ಮರದ ಮನೆ ಕಟ್ಟಬೇಕೆಂದು ಪ್ರಭಾಕರನ ಆಸೆ. ಗೀತಾ ಒಪ್ಪಿದ್ದು ಒಂದು ಷರತ್ತಿನ ಮೇಲೆ. ಹಾರೆ ಬೀಳುವ ಮೊದಲು ನೆಲಕ್ಕೆ ನವಧಾನ್ಯ ಬಿತ್ತಬೇಕು. ಅದು ಬೆಳೆದ ಮೇಲೆ ಹಸು ಬಂದು ಮೇಯಬೇಕು. ಆಗ ನೆಲ ಶುದ್ಧ, ಆಮೇಲೆ ಮನೆ. ಉಡುಪಿಯ ಹತ್ತಿರ ಅವಳ ಅಪ್ಪ ಮನೆ ಕಟ್ಟಿದ್ದೂ ಹಾಗೆಯೇ. ಜೂನ್ ಕೊನೆಯಲ್ಲಿ, ಸೂರ್ಯ ಮುಳುಗಲು ಮರೆತಂತಿದ್ದ ದಿನಗಳಲ್ಲಿ ಬಂದು, ಪಕ್ಕದ ತೊರೆಯ ಹಿಮದಂಥ ನೀರಿನಲ್ಲಿ ಮಿಂದು, ನಡುಗುವ ಹಲ್ಲುಗಳ ನಡುವೆಯೇ ಶ್ಲೋಕ ಹೇಳಿಕೊಂಡು ಅವಳು ಬಿತ್ತಿ ಹೋಗಿದ್ದಳು. ಈಗ ಆಗಸ್ಟ್. ಸೋಮವಾರ ಅಗೆಯುವ ಯಂತ್ರ ಬರುವುದಿತ್ತು. ಇಂದು ಶನಿವಾರ ಮಧ್ಯಾಹ್ನ, ಬೇಸಿಗೆಯ ದನದ ಕೊಟ್ಟಿಗೆ ನಡೆಸುವ ನೆರೆಯ ಗುನ್ನೆಲ್ ಒಂದು ಹಸು ಹೊಡೆದುಕೊಂಡು ಬರುತ್ತೇನೆ ಎಂದಿದ್ದಳು. ಸ್ಟಾಕ್‌ಹೋಮ್ ಪಕ್ಕದ ಸೊಲ್ಲೆಂಟುನಾದಲ್ಲಿದ್ದ ಗೆಳೆಯ ಸಿದ್ದಲಿಂಗ ಅಡಿಪಾಯದ ಗೂಟ ಹೊಡೆಯಲು ಜೊತೆಗೆ ಬಂದಿದ್ದ. ಸ್ಟಾಕ್‌ಹೋಮಿನ ಕೂಟಗಳಲ್ಲಿ ಬೆಂಗಳೂರು ಕನ್ನಡ ಆಡುವ ಅವನಿಗೆ, ಇವರಿಬ್ಬರ ಎದುರು ಮಾತ್ರ ಧಾರವಾಡದ ಮಾತು ತಾನಾಗಿ ಬರುತ್ತಿತ್ತು.

ಕಾರು ನಿಂತದ್ದೇ ತಡ, ಗೀತಾ ಇಳಿದು ಓಡಿದಳು. ಬಿತ್ತಿದ ಪಟ್ಟಿಯ ಮುಕ್ಕಾಲು ಪಾಲು ಬರೀ ಗಿಡ್ಡ ಹುಲ್ಲು. ಹೆಸರು, ಕಡಲೆ, ತೊಗರಿ ಎಲ್ಲವೂ ಜುಲೈನ ಒಂದು ರಾತ್ರಿಯ ಹಿಮಕ್ಕೆ ಸುಟ್ಟುಹೋಗಿದ್ದವು. ಆದರೆ ಬಂಡೆಯ ಮಗ್ಗುಲಲ್ಲಿ, ಬಿಸಿಲು ಬೀಳುವ ಮೂಲೆಯಲ್ಲಿ, ಸೊಂಟ ಮೀರಿ ಒಂದು ಹಸಿರು ಗುಂಪು ಎದ್ದು ನಿಂತಿತ್ತು. ನೇರ ಕಾಂಡ, ಬೆರಳು ಬಿಡಿಸಿದ ಅಂಗೈಯಂಥ ಎಲೆ.

"ನೋಡಿ ರೀ! ಭೂಮಿ ನಮ್ಮನ್ನ ಒಪ್ಕೊಂಡಿದೆ!" ಎಂದು ಕೈ ಮುಗಿದಳು.

ಸಿದ್ದಲಿಂಗ ಹತ್ತಿರ ಬಂದ. ಒಂದು ಎಲೆ ಮುರಿದು, ಹೊಸಕಿ, ಮೂಗಿಗೆ ಹಿಡಿದ. ಇನ್ನೊಮ್ಮೆ ಹಿಡಿದ. ಅವನ ಮುಖದ ನಗು ಮೆಲ್ಲನೆ ಇಳಿಯಿತು.

"ವೈನಿ, ಒಂದ್ ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಇದನ್ನ ಬಿತ್ತಿದವ್ರು ಯಾರು?"

"ನಾನೇ. ಸ್ನಾನ ಮಾಡಿ, ಮಡಿಯಲ್ಲಿ."

"ಛಲೋ ಆತು. ಮಡೀಲೆ ಭಂಗಿ ಬಿತ್ತೀರಿ."

ಗೀತಾಳಿಗೆ ಮೊದಲು ಅರ್ಥವಾಗಲಿಲ್ಲ. ಪ್ರಭಾಕರ ನಕ್ಕ. "ಸುಮ್ನಿರೋ ಮಾರಾಯ, ಬೆಳಿಗ್ಗೆಯಿಂದ ನಿಂದು ಬರೀ ಜೋಕು."

"ಜೋಕಲ್ರೀ ಅಣ್ಣಾರ! ಶಿವರಾತ್ರಿಗೆ ನಮ್ಮೂರ ಗುಡ್ಡದ ಮಠಕ್ಕ ಸಾಧುಗೋಳು ಬರ್ತಿದ್ರು. ಅವ್ರ ಜೋಳಿಗಿ ತುಂಬ ಇದೇ ವಾಸ್ನಿ. ಗಾಂಜಾ ಅಂತಾರಲ್ರೀ, ಅದರ ಗಿಡ ಇದು."

ಪ್ರಭಾಕರ ಫೋನು ತೆಗೆದು ಎಲೆಯ ಚಿತ್ರ ಹಿಡಿದ. ಗಿಡಗಳ ಹೆಸರು ಹೇಳುವ ಆ್ಯಪ್ ಒಂದು ಕ್ಷಣ ತಿರುಗಿ ಉತ್ತರ ಕೊಟ್ಟಿತು. ಅವನು ಫೋನನ್ನು ಬಿಸಿ ದೋಸೆಹಂಚು ಮುಟ್ಟಿದವನಂತೆ ಹುಲ್ಲಿಗೆ ಎಸೆದ.

"ಅಯ್ಯೋ, ಈಗ ನನ್ನ ಫೋನಲ್ಲೂ ಬಂತಲ್ಲೇ ಇದು!"

ಗೀತಾ ಬಂಡೆಯ ಮೇಲೆ ಕೂತಳು. ಎಲ್ಲಿಂದ ಬಂತೆಂದು ಯೋಚಿಸಬೇಕಾಗಿರಲಿಲ್ಲ. ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಗಂಡನಿಗೆ ಹೇಳಿರಲಿಲ್ಲ.

"ರೀ... ಆ ಕಾಳಿನಲ್ಲಿ ಹಕ್ಕಿ ಕಾಳೂ ಇತ್ತು."

"ಯಾವ ಹಕ್ಕಿ?"

"ಚಳಿಗಾಲದಲ್ಲಿ ಹಕ್ಕಿಗೆ ಹಾಕೋದು, ಅಂಗಡಿಯಲ್ಲಿ ಪೊಟ್ಟಣ ಸಿಗುತ್ತಲ್ಲ. ನಂಗೆ ಭತ್ತ ಸಿಗಲಿಲ್ಲ. ಇಂಡಿಯನ್ ಅಂಗಡಿಯಲ್ಲಿ ಎಲ್ಲಾ ಅಕ್ಕಿ. ಅಕ್ಕಿ ಮೊಳೆಯುತ್ತಾ? ಹುರುಳಿನೂ ಇರಲಿಲ್ಲ. ಏಳೇ ಧಾನ್ಯ ಬಿತ್ತಿದ್ರೆ ನವಧಾನ್ಯ ಹ್ಯಾಗಾಗುತ್ತೆ? ಆ ಪೊಟ್ಟಣದಲ್ಲಿ ಸಿಪ್ಪೆ ಇರೋ ಥರಥರದ ಕಾಳಿತ್ತು. ಕಮ್ಮಿ ಆಗೋದಕ್ಕಿಂತ ಒಂದೆರಡು ಜಾಸ್ತಿಯೇ ಆಗ್ಲಿ ಅಂತ ಇಡೀ ಪೊಟ್ಟಣ ಸುರಿದೆ."

"ಅಂದ್ರ ದೇವರ ಲೆಕ್ಕಕ್ಕ ಸುಳ್ಳ ಕಾಳು ಸೇರಿಸೀರಿ," ಎಂದ ಸಿದ್ದಲಿಂಗ. ಗೀತಾಳ ಮುಖ ನೋಡಿ ನಾಲಿಗೆ ಕಚ್ಚಿಕೊಂಡ. "ತಪ್ಪಾತ್ರಿ ವೈನಿ. ಆತು, ಈಗ ಕಿತ್ತು ಒಗದುಬಿಡೂಣು."

"ಎಲ್ಲಿಗೆ ಒಗೀತೀಯ?" ಎಂದ ಪ್ರಭಾಕರ. "ಸುಡೋ ಹಾಗಿಲ್ಲ, ಕಾಡ್ಗಿಚ್ಚಿನ ಭಯ ಅಂತ ಈ ತಿಂಗಳು ಬೆಂಕಿ ಹಚ್ಚೋದೇ ನಿಷೇಧ. ಹೂತರೆ ಸೋಮವಾರ ಯಂತ್ರದವನು ಮೇಲೆ ತೆಗೀತಾನೆ. ಕಾರಲ್ಲಿ ಹಾಕ್ಕೊಂಡು ಹೋಗೋದಾ? ದಾರೀಲಿ ಕುಡಿದಿದ್ದಾರಾ ಅಂತ ಚೆಕ್ ಮಾಡೋಕೆ ಪೊಲೀಸರು ಕೈ ಅಡ್ಡ ಹಾಕಿದ್ರೆ?"

ಕೆಳಗೆ ಎಲ್ಲೋ ದನದ ಗಂಟೆ ಸದ್ದಾಯಿತು. ಗುನ್ನೆಲ್ ಹೊರಟಿರಬೇಕು.

ಗೀತಾ ಎದ್ದು ಒಂದು ಗಿಡಕ್ಕೆ ಕೈ ಹಾಕಿದಳು. ಬುಡ ಗಟ್ಟಿ. ಎಳೆದಳು, ಕಾಂಡದ ನಾರು ಅಂಗೈಯನ್ನು ಗೀರಿತು. ಮತ್ತೆ ಎಳೆದಾಗ ಬೇರುಸಹಿತ ಬಂತು. ಬೇರಿನಲ್ಲಿ ಕಪ್ಪು ಮಣ್ಣು, ಮಣ್ಣಿನಲ್ಲಿ ಒಂದು ಎರೆಹುಳು. ಅದನ್ನು ಹಿಡಿದು ನಿಂತವಳಿಗೆ ಮುಂದಿನದೆಲ್ಲ ಕಣ್ಣಿಗೆ ಕಟ್ಟಿತು. ಇದನ್ನು ಬಚ್ಚಿಡಬೇಕು. ಯಾರಾದರೂ ಕೇಳಿದರೆ ಇಲ್ಲ ಎನ್ನಬೇಕು. ಉದುರಿದ ಕಾಳು ಬರುವ ವರ್ಷ ಮತ್ತೆ ಎದ್ದರೆ ಮತ್ತೆ ಇಲ್ಲ ಎನ್ನಬೇಕು. ಮನೆಯೊಳಗೆ ಕಾಲಿಡುವ ಮೊದಲೇ ಸುಳ್ಳು ಒಳಗೆ ಹೋಗಿ ಕೂತಿರುತ್ತದೆ. ಸಂಜೆ ದೀಪ ಹಚ್ಚಿದ ಮೇಲೆ ಅಪ್ಪ ರಾಗವಾಗಿ ಓದುತ್ತಿದ್ದ ಪದ್ಯಗಳಲ್ಲಿ ಅರ್ಧ ಅವಳಿಗೆ ಆಗಲೂ ಅರ್ಥವಾಗುತ್ತಿರಲಿಲ್ಲ. ಆದರೆ ಕತೆಯಲ್ಲಿ ಒಬ್ಬ ಸುಳ್ಳಾಡುವ ಸರದಿ ಬಂದಾಗ ಅಪ್ಪನ ದನಿ ತಾನಾಗಿ ತಗ್ಗುತ್ತಿದ್ದುದು ಮಾತ್ರ ಕಿವಿಯಲ್ಲಿ ಹಾಗೇ ಉಳಿದಿತ್ತು.

"ನಾನು ಪೊಲೀಸರಿಗೆ ಫೋನ್ ಮಾಡ್ತೀನಿ," ಎಂದಳು.

"ವೈನಿ! ಕೈಯಾಗ ಗಾಂಜಾ ಹಿಡ್ಕೊಂಡು ಪೊಲೀಸ್ರಿಗೆ ನಾವಾ ಫೋನ್ ಹಚ್ಚೂದಾ? ನಮ್ಮ ಕಡೆ ಹಿಂಗ ಮಾಡಿದ್ರ ಹುಚ್ಚ್ ಹಿಡದೈತಿ ಅಂತ ದವಾಖಾನಿಗೆ ಒಯ್ತಾರ್ರೀ."

ಪ್ರಭಾಕರ ಅವಳ ಹತ್ತಿರ ಬಂದ. "ಗೀತಾ, ಅವರು ನಂಬದೇ ಹೋದ್ರೆ? ನಮ್ಮ ಜೊತೆ ಚಾರ್ವಿ ಅರ್ಜಿನೂ ಹೋಗುತ್ತೆ. ಮತ್ತೆ ಮೊದಲಿಂದ."

"ಗೊತ್ತು."

ಅವನು ಹುಲ್ಲಿನಿಂದ ತನ್ನ ಫೋನು ಹೆಕ್ಕಿ ಅವಳ ಕೈಗಿಟ್ಟ. "ನಂದರಲ್ಲೇ ಮಾಡು. ಇಲ್ಲಿ ನಿನ್ನದಕ್ಕೆ ಸಿಗ್ನಲ್ ಸಿಗಲ್ಲ."

ಫೋನಿನಲ್ಲಿ ಸರದಿಗಾಗಿ ಕಾಯುವಾಗ ಕೇಳಿಬಂದ ಪಿಯಾನೋ ಮುಗಿಯುವಂತಿರಲಿಲ್ಲ. ಕೊನೆಗೆ ಒಬ್ಬ ಗಂಡಸು ಎತ್ತಿಕೊಂಡ. ಗೀತಾ ತಾನು ತರಗತಿಯಲ್ಲಿ ಕಲಿತ ಸ್ವೀಡಿಷ್‌ನಲ್ಲಿ, ಹೆಸರು, ಪರ್ಸೂನ್‌ನಮ್ಮರ್ ಎಂಬ ಗುರುತಿನ ಸಂಖ್ಯೆ, ಜಾಗದ ಗುರುತು ಎಲ್ಲ ಹೇಳಿ, ಗಿಡದ ವಿಷಯ ಹೇಳಿದಳು. ಆ ಕಡೆಯವನು ನಗಲೂ ಇಲ್ಲ, ಗದರಲೂ ಇಲ್ಲ. "ಗಾಡಿಯೊಂದು ಕೆಳಗಿನ ಊರಿನಲ್ಲೇ ಇದೆ, ಬರುತ್ತದೆ. ಅಲ್ಲಿಯವರೆಗೆ ಏನನ್ನೂ ಮುಟ್ಟಬೇಡಿ," ಎಂದ.

ಮುಟ್ಟಬೇಡಿ ಎಂದ ಮಾತು ಇನ್ನೂ ಕಿವಿಯಲ್ಲಿರುವಾಗಲೇ ಗುನ್ನೆಲ್ ದಿಬ್ಬ ಹತ್ತಿ ಬಂದಳು. ಎಪ್ಪತ್ತು ದಾಟಿದ, ಗಂಡಸಿನ ಬೂಟು ತೊಟ್ಟ ಮುದುಕಿ. ಜೊತೆಗೆ ಬಿಳಿ ಮೈ, ಕಪ್ಪು ಕಿವಿಯ, ಕೊಂಬಿಲ್ಲದ ಬೆಟ್ಟದ ಹಸು. "ಇವಳು ರೋಸಾ. ಬೆಳಿಗ್ಗೆಯಿಂದ ಹೆಚ್ಚೇನೂ ತಿನ್ನಿಸಿಲ್ಲ, ನಿಮ್ಮ ಪೂಜೆ ಅಂತ," ಎಂದು ಹಗ್ಗ ಬಿಟ್ಟಳು.

ರೋಸಾ ಒಮ್ಮೆ ಗಾಳಿ ಮೂಸಿ, ಗಿಡ್ಡ ಹುಲ್ಲನ್ನೆಲ್ಲ ದಾಟಿಕೊಂಡು, ನೆಟ್ಟಗೆ ಬಂಡೆಯ ಮೂಲೆಗೆ ನಡೆದಳು.

"ಬೇಡ! ಬೇಡ!" ಗೀತಾ ಕೂಗಿಕೊಂಡು ಓಡಿದಳು. ಹಸು ಬಂದು ಮೇಯಲಿ ಎಂದು ಎರಡು ತಿಂಗಳಿನಿಂದ ದೇವರ ಮುಂದೆ ದೀಪ ಹಚ್ಚಿದವಳು, ಈಗ ಅದೇ ಹಸುವಿನ ಕೊರಳಿಗೆ ಎರಡೂ ಕೈ ಹಾಕಿ ಜೋತುಬಿದ್ದಳು. ಸಿದ್ದಲಿಂಗ ಎದುರು ನಿಂತು ತೋಳು ಚಾಚಿ "ಹೋಯ್! ಹೋಯ್!" ಎಂದ. ಪ್ರಭಾಕರ ಬಾಲ ಹಿಡಿಯಲೋ ಬೇಡವೋ ಎಂದು ಅನುಮಾನಿಸುತ್ತ ಹಿಂದೆ ನಿಂತ. ಅಷ್ಟರಲ್ಲೇ ರೋಸಾ ಕತ್ತು ನೀಡಿ ಒಂದು ಬಾಯಿ ಎಳೆದಾಗಿತ್ತು.

"ಪ್ರಸಾದ ಆತು ನೋಡ್ರಿ," ಎಂದ ಸಿದ್ದಲಿಂಗ, ಏದುಸಿರಿನಲ್ಲಿ.

ಪೊಲೀಸ್ ಗಾಡಿ ಬಂದು ನಿಂತದ್ದು ಆ ಗಳಿಗೆಯಲ್ಲಿ. ಒಬ್ಬಳೇ ಇಳಿದಳು. ಬಿಸಿಲಿಗೆ ಕೆಂಪಾದ ಮೂಗಿನ, ನಡುವಯಸ್ಸಿನ ಹೆಂಗಸು. ಎದುರಿನ ನೋಟವನ್ನು ಒಂದು ಕ್ಷಣ ನೋಡಿ, "ಫೋನ್ ಮಾಡಿದವರು ಯಾರು?" ಎಂದಳು.

"ನಾನು," ಎಂದಳು ಗೀತಾ, ಹಸುವಿನ ಕೊರಳು ಬಿಡದೆ.

"ಬಿತ್ತಿದವರು?"

"ಅದೂ ನಾನೇ. ಇವರಿಬ್ಬರಿಗೂ ಗೊತ್ತಿರಲಿಲ್ಲ."

ಗುನ್ನೆಲ್ ಬಂದು ಹಗ್ಗ ಹಿಡಿದುಕೊಂಡ ಮೇಲೆ ಗೀತಾ ಎಲ್ಲವನ್ನೂ ಹೇಳಿದಳು. ಸಿಗದ ಭತ್ತ, ಸಿಗದ ಹುರುಳಿ, ಪೊಟ್ಟಣ, ತೊರೆಯ ಸ್ನಾನ. ನಡುವೆ ಪದ ಸಿಗದೆ ತಡವರಿಸಿದಾಗ ಪ್ರಭಾಕರ ಒಂದೊಂದು ಪದ ಎತ್ತಿಕೊಟ್ಟ. ಪೊಲೀಸಿನವಳು ನಡುವೆ ಬಾಯಿ ಹಾಕಲಿಲ್ಲ. ಎಲೆ ಮುಟ್ಟಿದಳು, ಕಾಂಡ ಬಾಗಿಸಿ ನೋಡಿದಳು, ಸುತ್ತ ಒಂದು ಸುತ್ತು ನಡೆದಳು.

"ಪೊಟ್ಟಣದ ಮೇಲೆ ಕೆಂಪು ಎದೆಯ ಹಕ್ಕಿ ಇತ್ತೇ?"

"ಹೌದು."

"ನಮ್ಮ ಮನೆಯಲ್ಲೂ ಅದೇ. ನನ್ನ ಅತ್ತೆ ಹಕ್ಕಿಗೆ ಕಾಳಿಡುವ ಗೂಡಿನ ಕೆಳಗೆ ಹೋದ ವರ್ಷ ಇದೇ ಎದ್ದಿತ್ತು. ಎಣ್ಣೆಕಾಳಿಗೆ ಬೆಳೆಯುವ ಜಾತಿ ಇದು, ಸೇದಿದರೆ ತಲೆನೋವು ಬಂದೀತು, ಅಷ್ಟೇ. ಆದರೂ ಇಲ್ಲಿ ಬಿಟ್ಟು ಹೋಗುವ ಹಾಗಿಲ್ಲ, ಕಿತ್ತು ನಾನೇ ಒಯ್ಯುತ್ತೇನೆ."

"ನನ್ನ ಮೇಲೆ ಏನು ಬರೆಯುತ್ತೀರಿ?" ಗೀತಾಳ ದನಿ ಅವಳಿಗೇ ಕೇಳುವಷ್ಟಿತ್ತು. "ನಮ್ಮ ಪೌರತ್ವದ ಅರ್ಜಿ... ಈಗ..."

ಪೊಲೀಸಿನವಳು ಕೈಗವಸು ಹಾಕಿಕೊಳ್ಳುತ್ತಿದ್ದವಳು ನಿಂತು ಅವಳ ಕಡೆ ಪೂರ್ತಿ ತಿರುಗಿದಳು. "ತಿಳಿಯದೆ ಬಿತ್ತಿದ್ದು ಅಪರಾಧವಲ್ಲ. ಹಕ್ಕಿ ಕಾಳಿನಿಂದ ಗಿಡ ಎದ್ದಿತ್ತು, ಜಾಗದವರೇ ತಿಳಿಸಿದರು, ತೆಗೆದೆ. ಇಷ್ಟು ಬರೆಯುತ್ತೇನೆ. ನಿಮ್ಮ ಮೇಲೆ ಸಂಶಯ ಎಂಬ ಮಾತೇ ಅದರಲ್ಲಿ ಇರುವುದಿಲ್ಲ. ಅರ್ಜಿಗೂ ಇದಕ್ಕೂ ಏನೇನೂ ಸಂಬಂಧವಿಲ್ಲ."

ಗೀತಾ ತಲೆಯಾಡಿಸಿದಳು. ಮತ್ತೆ ಆಡಿಸಿದಳು. ಆಮೇಲೆ ಹುಲ್ಲಿನ ಮೇಲೆ ಕೂತುಬಿಟ್ಟಳು. ಅಳು ಬರುತ್ತದೆ ಎಂದುಕೊಂಡರೆ ಬಂದದ್ದು ನಗು. ಒಮ್ಮೆ ಶುರುವಾದದ್ದು ನಿಲ್ಲಲಿಲ್ಲ. ಹಸು, ಬಾಲ, ಮಡಿ, ಸಾಧುಗಳ ಜೋಳಿಗೆ ಎಲ್ಲ ಒಂದರ ಮೇಲೊಂದು ನೆನಪಾಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಪ್ರಭಾಕರ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು, "ಸಾಕು ಮಾರಾಯ್ತಿ, ಅವರು ನಿಜವಾಗಿಯೂ ಸೇದಿದ್ದೀಯ ಅಂದ್ಕೋತಾರೆ," ಎಂದ. ಹೇಳುತ್ತ ಅವನ ಕಣ್ಣೇ ಒದ್ದೆಯಾಗಿತ್ತು.

ಎಲ್ಲರೂ ಸೇರಿ ಗಿಡ ಕಿತ್ತರು. ಪೊಲೀಸಿನವಳು ಅವನ್ನು ಕಾಗದದ ದೊಡ್ಡ ಚೀಲಗಳಿಗೆ ತುಂಬಿದಳು. ಫ್ಲಾಸ್ಕಿನ ಕಾಫಿ ಕುಡಿದು, ಎರಡು ಕೋಡುಬಳೆ ತಿಂದು, ಮೂರನೆಯದನ್ನು ಜೇಬಿಗೆ ಹಾಕಿಕೊಂಡಳು. ಒಂದು ಬಾಯಿ ಎಲೆಯಿಂದ ಹಸುವಿಗೇನೂ ಆಗದು, ಬೇಕಿದ್ದರೆ ಇವತ್ತಿನ ಹಾಲು ಚೆಲ್ಲಿ ಎಂದು ಗುನ್ನೆಲ್‌ಗೆ ಹೇಳಿ ಹೊರಟಳು. ಗಾಡಿ ತಿರುವಿನಲ್ಲಿ ಮರೆಯಾಗುವವರೆಗೂ ಸಿದ್ದಲಿಂಗ ಸೆಲ್ಯೂಟ್ ಹೊಡೆದ ಕೈ ಇಳಿಸಲಿಲ್ಲ.

ಗಿಡಗಳಿದ್ದ ಜಾಗದ ಅಂಚಿನಲ್ಲಿ, ಅವುಗಳ ನೆರಳಿನಲ್ಲಿ ಹಿಮದಿಂದ ಉಳಿದ ಓಟ್ಸ್ ಪೈರು ಗೇಣುದ್ದ ನಿಂತಿತ್ತು. ಅದೂ ಹಕ್ಕಿ ಪೊಟ್ಟಣದ್ದೇ. "ಇದನ್ನು ತಿನ್ನಬಹುದಾ?" ಎಂದಳು ಗೀತಾ, ಈಗ ಯಾವುದನ್ನೂ ನಂಬದೆ.

"ಇದನ್ನು ನಾನೂ ದಿನಾ ಬೆಳಿಗ್ಗೆ ತಿನ್ನುತ್ತೇನೆ," ಎಂದು ಗುನ್ನೆಲ್ ಹಗ್ಗ ಬಿಟ್ಟಳು.

ರೋಸಾ ಮೇಯ್ದಳು. ನಾಲಿಗೆ ಸುತ್ತಿ ಪೈರು ಕೀಳುವ ಸದ್ದು ಆ ಮೌನದಲ್ಲಿ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಗೀತಾ ಕಣ್ಣು ಮುಚ್ಚಿ ಆ ಸದ್ದನ್ನೇ ಕೇಳುತ್ತ ನಿಂತಳು. ಹೇಳಬೇಕಿದ್ದ ಶ್ಲೋಕ ನಡುವೆ ಮರೆತುಹೋಯಿತು, ಅವಳು ಹುಡುಕಲೂ ಇಲ್ಲ. ಮೇದು ಮುಗಿಸಿ, ಮನೆಯ ನಡುಭಾಗ ಬರಬೇಕಾದಲ್ಲಿ ಬಂದು, ರೋಸಾ ಬಾಲವೆತ್ತಿ ಧಾರಾಳವಾಗಿ ಸಗಣಿ ಹಾಕಿದಳು.

"ವೈನೀ! ನೆಲ ಸಾರಿಸೂ ಕೆಲಸನೂ ಮುಗೀತು!" ಎಂದು ಸಿದ್ದಲಿಂಗ ಕುಣಿದ.

"ಅಯ್ಯೋ, ಕ್ಷಮಿಸಿ, ಕ್ಷಮಿಸಿ!" ಗುನ್ನೆಲ್ ನಾಚಿಕೆಯಿಂದ ಕೆಂಪಾಗಿ, ಗೂಟಗಳ ಬಳಿಯಿದ್ದ ಸಲಿಕೆ ಎತ್ತಿಕೊಂಡು ಓಡಿಬಂದಳು.

ಗೀತಾ ಎರಡೂ ಕೈ ಅಗಲಿಸಿ ಅಡ್ಡ ನಿಂತಳು. "ಬೇಡ, ಬೇಡ, ದಯವಿಟ್ಟು ತೆಗೆಯಬೇಡಿ!"

ಸಲಿಕೆ ಹಿಡಿದ ಮುದುಕಿ ಸಗಣಿಯನ್ನೂ ಗೀತಾಳನ್ನೂ ಮಿಕಿಮಿಕಿ ನೋಡಿದಳು. ಪ್ರಭಾಕರ ಫ್ಲಾಸ್ಕಿನಲ್ಲಿ ಉಳಿದ ಕಾಫಿಯನ್ನು ಒಂದು ಲೋಟಕ್ಕೆ ಬಗ್ಗಿಸಿ, ಅದನ್ನು ಅವಳ ಕೈಗಿಟ್ಟು, "ಕೂತ್ಕೊಳ್ಳಿ ಗುನ್ನೆಲ್, ಇದು ಸ್ವಲ್ಪ ಉದ್ದದ ಕತೆ," ಎಂದು ಸ್ವೀಡಿಷ್‌ನಲ್ಲಿ ಶುರು ಮಾಡಿದ.