ಎಡಬಲವಾದ ಊರು

ನಾನು ಒಂದು ಅಚ್ಚಿನ ಚಿತ್ರ. ನನ್ನ ತಾಯಿ ಸತುವಿನ ಹಲಗೆ. ಆಕೆಯ ಮೈಗೆ ಮೇಣ ಬಳಿದು, ಸೂಜಿಯಿಂದ ಗೀರಿ, ಆಸಿಡ್ಡಿನಲ್ಲಿ ಮುಳುಗಿಸಿದರು. ಗೀರಿದಲ್ಲೆಲ್ಲ ಆಸಿಡ್ ಕಚ್ಚಿತು. ಆ ಗಾಯಗಳಿಗೆ ಮಸಿ ತುಂಬಿ, ಮೇಲೆ ಒದ್ದೆ ಕಾಗದ ಹಾಸಿ, ಯಂತ್ರದ ಉರುಳೆಯಡಿ ತಳ್ಳಿದಾಗ ನಾನು ಹುಟ್ಟಿದೆ. ಹಾಗೆ ಹುಟ್ಟಿದ ಮೇಲೆ ನೆಮ್ಮದಿ ಎಲ್ಲಿಂದ ಬಂದೀತು?

ನನ್ನೊಳಗಿರುವುದು ಕೃಷ್ಣೆಯ ದಂಡೆಯ ಒಂದು ಸಣ್ಣ ಊರು. ಬೇವಿನ ಮರ, ಬಾವಿ, ಮಣ್ಣಿನ ಮಾಳಿಗೆಯ ನಾಲ್ಕಾರು ಮನೆ. ಅಣೆಕಟ್ಟಿನ ಹಿನ್ನೀರು ಅಲ್ಲಿಗೂ ಬರುವುದಿತ್ತು. ಊರು ನೋಡಲು ಬಂದಿದ್ದ ಧಾರವಾಡದ ಕಲಾವಿದೆ ಇಂದುಮತಿಯವರ ಕೈ ಹಿಡಿದು, ಮುಳುಗುವ ಮೊದಲು ನನ್ನ ಮನೆ ಬರೆದುಕೊಡಿ ಎಂದು ಆ ಊರಿನ ಫಕೀರವ್ವ ಬೇಡಿಕೊಂಡಳು.

ಅಚ್ಚಿನಲ್ಲಿ ಎಡ ಬಲವಾಗುತ್ತದೆ, ಬಲ ಎಡವಾಗುತ್ತದೆ. ಅದಕ್ಕೇ ಇಂದುಮತಿ ಮೊದಲು ಕಾಗದದಲ್ಲಿ ಬರೆದು, ಅದನ್ನು ತಿರುವಿ ಹಲಗೆಗೆ ಇಳಿಸುವವರು. ಆ ದಿನ ಸಾಮಾನು ಹೇರಿದ ಟ್ರ್ಯಾಕ್ಟರುಗಳು ಹೊರಟು ನಿಂತಿದ್ದವು. ಅವರು ನೇರ ಹಲಗೆಯ ಮೇಲೆಯೇ ಗೀರಿಬಿಟ್ಟರು. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆ ಕಲಿತವರನ್ನೂ ಬಿಡುವುದಿಲ್ಲ.

ಹೊಸ ಊರಿನ ಶೆಡ್ಡಿನಲ್ಲಿ ಫಕೀರವ್ವ ನನ್ನನ್ನು ನೋಡಿದವಳೇ ಮುಖ ಬಾಡಿಸಿದಳು. ಬಾವಿ ಇದ್ದದ್ದು ಬಾಗಿಲಿನ ಎಡಕ್ಕೆ, ಇದು ನಮ್ಮೂರಲ್ಲ ಎಂದಳು. ಇಂದುಮತಿ ನಾಚಿ, ತಿರುವಿ ಮತ್ತೊಂದು ಬರೆದುಕೊಡುತ್ತೇನೆ ಎಂದರು.

“ಊರು ನೀರಾಗೈತಿ. ಇನ್ನ ಏನ್ ನೋಡಿ ಬರೀತೀರಿ, ಅಕ್ಕಾರ?”

ದಾಕ್ಷಿಣ್ಯಕ್ಕೆ ನನ್ನನ್ನು ಮೊಳೆಗೆ ತೂಗುಹಾಕಿದಳು. ದಿನಾ ನೋಡುವಳು, ತಲೆಯಾಡಿಸುವಳು. ನನಗೋ ಮುಳ್ಳಿನ ಮೇಲೆ ನಿಂತ ಹಾಗೆ. ನಾನು ಯಾವ ಊರು ಹಾಗಾದರೆ? ಬರಬರುತ್ತ ಅವಳು ತಲೆ ಬಾಚುವಾಗ ನನಗೆ ಬೆನ್ನು ಹಾಕಿಯೇ ಕೂರತೊಡಗಿದಳು. ಮನೆಗೆ ಬಂದವರಿಗೆ ಯಾರಾದರೂ ಬೆನ್ನು ತೋರಿಸುತ್ತಾರೆಯೇ? ನನಗೆ ಸಿಟ್ಟೇ ಬಂತು.

ಒಂದು ಮುಂಜಾನೆ ಬಾಚಣಿಗೆ ನಡುವೆಯೇ ನಿಂತಿತು. ಅವಳು ಕೈಗನ್ನಡಿಯನ್ನು ಮೆಲ್ಲಗೆ ಓರೆಮಾಡಿದಳು. ಅದರಲ್ಲಿ ಅವಳ ಹೆಗಲ ಹಿಂದೆ ನಾನಿದ್ದೆ. ಬೇವು, ಬಾಗಿಲು, ಬಾಗಿಲಿನ ಎಡಕ್ಕೆ ಬಾವಿ.

“ಇಲ್ಲೇ ಐತಿ ನಮ್ಮನಿ,” ಅಂದಳು. ಆಮೇಲೆ ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ನನಗೂ ಅಳು ಬಂತು, ಆದರೆ ಮಸಿ ಕರಗುವ ಜಾತಿಯದಲ್ಲ.

ಈಗ ನನ್ನ ಕಾಗದ ಕಂದಿದೆ, ಅಂಚಿಗೆ ಹುಳ ಹತ್ತಿದೆ. ಅವಳ ತಲೆಯಲ್ಲಿ ಬಾಚುವಷ್ಟು ಕೂದಲೂ ಉಳಿದಿಲ್ಲ. ಆದರೂ ಬೆಳಗಾದರೆ ಕನ್ನಡಿ ಹಿಡಿದು, ನನಗೆ ಬೆನ್ನು ಹಾಕಿ ಕೂರುತ್ತಾಳೆ. ಕೈ ನಡುಗುತ್ತದೆ. ಕನ್ನಡಿಯೊಳಗೆ ಊರು ನೀರಿನಡಿ ಇದ್ದಂತೆ ಅಲುಗಾಡುತ್ತದೆ. ಎಂದಾದರೂ ಮರೆತು ಅವಳು ನನ್ನ ಕಡೆ ತಿರುಗಿ ಕೂತಾಳು ಎಂಬುದೊಂದೇ ನನಗೀಗ ಭಯ.