ಗಂಟು ಕಟ್ಟಿದ ಚೀಲದ ಮಲ್ಲಿಗೆ

ಪ್ಲಾಸ್ಟಿಕ್ ಚೀಲದ ಒಳಮೈ ಬೆವರುತ್ತಿದೆ, ಗಿಡ ಇನ್ನೂ ಉಸಿರಾಡುತ್ತಿದೆ ಎಂದರ್ಥ, ಮಧ್ಯಾಹ್ನವೇ ಗಂಟು ಕಟ್ಟಿದ್ದೆ, ಪಕ್ಕದಲ್ಲಿ ಆಟೋಕ್ಲೇವ್ ಬಾಯಿ ತೆರೆದು ಕೂತಿದೆ, ಆವಿಯಲ್ಲಿ ಬೇಯಿಸಿ ಕೊಲ್ಲುವ ದೊಡ್ಡ ಕುಕ್ಕರ್ ಅಷ್ಟೇ, ಇಟ್ಟು ಮುಚ್ಚಿದರೆ ಮುಗಿಯಿತು — ಕೈ ಏಳುತ್ತಿಲ್ಲ, ಅಳುವೂ ಬರುತ್ತಿಲ್ಲ, ಮೇಲಿನ ಕವಲಿನಲ್ಲಿ ಒಂದೇ ಒಂದು ಮೊಗ್ಗು. ಪ್ರಯೋಗದ ಅನುಮತಿ ಮುಗೀತು ಸುಮಲತಾ, ಅದು ಅರಳೋದ್ರೊಳಗ ಬೇಯಿಸಿಬಿಡ್ರಿ, ಪರಾಗ ಹೊರಗ ಹೋದ್ರ ನಾನು ಉತ್ತರ ಕೊಡಬೇಕಾಕ್ಕತಿ, ಅಂದು ಪ್ರಯೋಗಾಲಯದ ಮುಖ್ಯಸ್ಥ ಅರುಣಕುಮಾರ್ ಸರ್ ಕೀಲಿ ನನ್ನ ಕೈಗಿಟ್ಟು ಹರಪನಹಳ್ಳಿಗೆ ಹೋದರು, ಅವರ ಮಾತು ಸರಿಯೇ, ಸರಿಯಾದ ಮಾತಿನ ಎದುರು ಜಗಳವಾದರೂ ಹೇಗೆ ಆಡುವುದು. ಹಡಗಲಿಯಲ್ಲಿ ಅವ್ವನ ತೋಟ, ಅವಳಿಂದ ಕಡ್ಡಿ ಒಯ್ದವರ ತೋಟ, ಎಲ್ಲ ಬೇರು ಕೊಳೆತು ಸಾಲುಸಾಲಾಗಿ ಹೋದವು, ಅದಕ್ಕೂ ಮೊದಲು ನಾನೊಂದು ಕಡ್ಡಿ ಮುರಿದು ತಂದಿದ್ದೆ, ಆ ಮಲ್ಲಿಗೆಯ ಜೀವ ಈಗ ಉಳಿದಿರುವುದು ಈ ಚೀಲದಲ್ಲಿ ಮಾತ್ರ. ಕೊಳೆ ತಡೆಯುವ ಜೀನು ಅದರೊಳಗೆ ಹೋಗಬೇಕಿತ್ತು, ವೈರಸ್ಸಿನ ಬೆನ್ನೇರಿಸಿ ಕಳಿಸುವುದು ಬೇಡ ಅಂದಿದ್ದರು ಸರ್, ಕರೆಂಟು ಕೊಟ್ಟು ಜೀವಕೋಶದಲ್ಲಿ ತೂತು ತೆರೆಸಿ ನೋಡಿದೆ, ಒಡೆದು ಸತ್ತವು, ಕೊಬ್ಬಿನ ಗುಳ್ಳೆಯಲ್ಲಿ ತುಂಬಿ ಬಿಟ್ಟೆ, ಒಳಗೆ ಹೋಗಲಿಲ್ಲ, ಕಡೆಗೆ ಬಂದೂಕು — ಕಣ್ಣಿಗೆ ಕಾಣದ ಬಂಗಾರದ ಪುಡಿಗೆ ಜೀನು ಲೇಪಿಸಿ ಅನಿಲದ ಒತ್ತಡದಲ್ಲಿ ಹೊಡೆಯುವುದು, ಠಪ್. ಬಂಗಾರನ? ಅವ್ವ ಫೋನಿನಲ್ಲಿ ನಕ್ಕಿದ್ದಳು, ಬಾಣಂತಿ ಮನ್ಯಾಗ ಕೂಸಿಗೆ ಬಜಿ ಬೇರಿನ ಜೋಡಿ ಬಂಗಾರ ತೇದು ನೆಕ್ಕಸ್ತೀವಲ್ಲ, ಹಂಗ ಅನ್ನು, ಹೌದವ್ವಾ, ಹಂಗ, ಅಂದಿದ್ದೆ, ಹೊಡೆದ ಎಲೆ ತುಣುಕುಗಳೆಲ್ಲ ಕಪ್ಪಾದವು, ಒಂದು ಮಾತ್ರ ಚಿಗುರಿತು, ಕೊಳೆರೋಗದ ಮಣ್ಣಿಗೆ ಇಟ್ಟರೂ ಬದುಕಿತು, ಅವತ್ತು ಕುಣಿದಾಡಿದ್ದೆ, ಹುಚ್ಚಿ.

ಇವತ್ತು ಬೆಳಿಗ್ಗೆ ಮತ್ತೆ ಅವ್ವನ ಫೋನು, ಒಂದ ಒಂದು ಕಡ್ಡಿ ತಾರವ್ವಾ, ಮಲ್ಲಿಗಿ ಕಡ್ಡಿ ಕೇಳಿದೋರಿಗೆ ನಮ್ಮನ್ಯಾಗ ಯಾವತ್ತೂ ಇಲ್ಲ ಅಂದಿಲ್ಲ, ಮಾತು ಬಿಟ್ಟೋರಿಗೂ ಕೊಟ್ಟೀನಿ, ನೀ ನನಗ ಇಲ್ಲ ಅಂತಿಯೇನು — ಕೊಡಾಕ ಬರಂಗಿಲ್ಲವ್ವಾ, ಅಂದೆ, ಅವಳು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು, ಆತು ಬಿಡು, ಅರಳಿದ್ರ ನಮ್ಮ ವಾಸನಿನ ಐತೋ ಇಲ್ಲೋ ಅಷ್ಟಾರ ನೋಡಿ ಹೇಳು, ಅಂದಳು. ಬ್ಲೇಡು ಜೇಬಿನಲ್ಲೇ ಇದೆ, ಒಂದು ಗೇಣು ಕಡ್ಡಿ, ಊಟದ ಡಬ್ಬಿ ಚೀಲದಲ್ಲಿ ಹಿಡಿಸುತ್ತದೆ, ಆದರೆ ಕೊಟ್ಟರೆ ಅವಳು ಕೇಳಿದವರಿಗೆಲ್ಲ ಹಂಚುತ್ತಾಳೆ, ಅನುಮತಿಯಿಲ್ಲದ ಗಿಡ ಹಡಗಲಿಯ ತೋಟತೋಟಕ್ಕೂ ಹೋಗುತ್ತದೆ, ಅವ್ವನನ್ನು ಬಲ್ಲೆ, ಬಲ್ಲೆನಾದ್ದರಿಂದಲೇ ಕೊಡಲಾರೆ. ಹೊತ್ತು ಇಳಿಯುತ್ತಿದೆ, ಮಲ್ಲಿಗೆಗೆ ಇದೇ ಸಮಯ, ನೋಡಬಾರದು, ನೋಡಿದೆ, ಮೊಗ್ಗು ಬಾಯಿ ಬಿಟ್ಟಿದೆ, ಎತ್ತು, ಒಳಗಿಡು, ಮುಚ್ಚು, ವಾಸನೆ ನೋಡಬೇಕಾದರೆ ಗಂಟು ಬಿಚ್ಚಬೇಕು, ಬೆರಳು ಗಂಟಿನ ಮೇಲಿದೆ, ಬಿಚ್ಚುತ್ತಿಲ್ಲ, ಎತ್ತುತ್ತಲೂ ಇಲ್ಲ, ಬೆವರಿದ ಚೀಲದೊಳಗೆ, ಬೆಳ್ಳಗೆ, ಅರಳಿದ ಹೂವು