ತಕ್ಕಡಿಯ ಬ್ಯಾಟರಿ

ನರೇಗಲ್ಲಿನ ವಾಚನಾಲಯದ ಮುಂದೆ ಗುಜರಿ ಗಾಡಿ ಬಂದು ನಿಂತಾಗ ಭಾರತಿ ಕಂಪ್ಯೂಟರಿನೆದುರು ಹಲ್ಲು ಕಚ್ಚಿ ಕೂತಿದ್ದಳು. ವಾಚನಾಲಯದ ಒಂದು ಕೋಣೆಯಲ್ಲಿ ಊರ ಹುಡುಗಿಯರಿಗೆ ಕನ್ನಡ ಟೈಪಿಂಗ್ ಕಲಿಸುವವಳು ಅವಳು. ಹಳೆಯ ಮೂರು ಕಂಪ್ಯೂಟರುಗಳಿಗೆ ವಿಂಡೋಸ್ ಬದಲು ಪುಕ್ಕಟೆ ಸಿಗುವ ಲಿನಕ್ಸ್ ಹಾಕಿದ್ದಳು. ಹಾಕಿದ್ದೇನೋ ಆಯಿತು, ಆದರೆ ಕನ್ನಡ ಕೀಲಿಮಣೆಯ ತಂತ್ರಾಂಶ ಇಳಿಸಿಕೋ ಅಂದರೆ ಆ ಮೊಂಡ ಯಂತ್ರಗಳು ಒಲ್ಲೆ ಎನ್ನುತ್ತಿದ್ದವು. ವಾಚನಾಲಯದ ಕಾರ್ಯದರ್ಶಿ ರಘೂತ್ತಮರಿಗೆ ಅಷ್ಟೇ ಬೇಕಾಗಿತ್ತು. ಕಂಪ್ಯೂಟರು ಹೋದರೆ ಟೈಪಿಂಗ್ ತರಗತಿಯೂ ಹೋಯಿತು, ಕೋಣೆ ತಮ್ಮ ಸಭೆಗೆ ಸಿಕ್ಕಿತು!

“ಕನ್ನಡದಾಗ ಒಂದಕ್ಷರ ಬರಂಗಿಲ್ಲ. ಸತ್ತಾವ. ತೂಗ್ರಿ ಮುರ್ತುಜಾಸಾಬ,” ಎಂದರು.

ಗುಜರಿಯ ಮುರ್ತುಜಾಸಾಬ ಅಂಕಿ ಮೂಡುವ ಪುಟ್ಟ ಕೈತಕ್ಕಡಿಯನ್ನು ಕಿಸೆಯಿಂದ ತೆಗೆದ. “ಸತ್ತಿದ್ರ ಚಲೋನ ಆತ್ರಿ. ಚಾಲೂ ಮಾಲ ಮಾತ್ರ ನಾ ಮುಟ್ಟಂಗಿಲ್ಲ. ನಾಳಿ ಕಳವಿನ ಮಾಲ ಅಂತ ಪೊಲೀಸರು ನನ್ನ ಕುತ್ತಿಗಿಗೆ ಬರ್ತಾರ.”

“ಸತ್ತಿಲ್ರಿ!” ಭಾರತಿ ತಿರುಗಿದಳು. “ಚಾ ಕುಡದು ಬರ್ರಿ, ಅಷ್ಟರಾಗ ತೋರಸ್ತೀನಿ.”

ರಘೂತ್ತಮರು ಚಹಾವನ್ನು ಅಲ್ಲಿಗೇ ತರಿಸಿ, ಕುರ್ಚಿ ಹಾಕಿಕೊಂಡು ಕೂತರು. ಭಾರತಿಗೆ ಮೈಯೆಲ್ಲ ಉರಿಯಿತು. ತಂತ್ರಾಂಶ ಇಳಿಸಿಕೋ ಎಂದು ಆದೇಶ ಕೊಟ್ಟಳು, ಪರದೆಯ ಮೇಲೆ ಮತ್ತದೇ ಉತ್ತರ. ಇಷ್ಟು ದಿನ ಆ ಸಾಲು ಕಂಡೊಡನೆ ಬೈದು, ಎಲ್ಲ ಅಳಿಸಿ, ಲಿನಕ್ಸನ್ನು ಹೊಸದಾಗಿ ಹಾಕುತ್ತಿದ್ದಳೇ ಹೊರತು ಪೂರ್ತಿ ಓದಿರಲಿಲ್ಲ. ಇವತ್ತು ಬೆರಳಿಟ್ಟು ಓದಿದಳು. ತಂತ್ರಾಂಶದ ಪಟ್ಟಿ ಇನ್ನೂ ಜಾರಿಗೆ ಬಂದಿಲ್ಲವಂತೆ. ಇನ್ನೂ ಅಂದರೆ? ಪರದೆಯ ಮೂಲೆಯ ತಾರೀಖು ನೋಡಿದಳು: ೨೦೦೯, ಜನವರಿ ಒಂದು. ಅಯ್ಯ ನಿನ್ನ! ಅಷ್ಟು ಹಿಂದೆ ಕೂತ ಕಂಪ್ಯೂಟರಿನ ಲೆಕ್ಕದಲ್ಲಿ ಇವತ್ತಿನ ತಂತ್ರಾಂಶ ಇನ್ನೂ ಹುಟ್ಟೇ ಇರಲಿಲ್ಲ.

‘ಡೇಟ್’ ಎಂಬ ಆದೇಶದಲ್ಲಿ ಇವತ್ತಿನ ತಾರೀಖು ತುಂಬಿ ಮತ್ತೆ ಇಳಿಸಿಕೋ ಅಂದಳು. ಸಾಲುಗಳು ಸರಸರ ಓಡತೊಡಗಿದವು. ಬಂತು, ಬಂತು ಅನ್ನುವಷ್ಟರಲ್ಲಿ ಕರೆಂಟು ಹೋಯಿತು. ಒಂದು ಗಳಿಗೆ ತಡೆಯಲು ಅದಕ್ಕೇನು ಧಾಡಿಯೋ! ಕರೆಂಟು ಮರಳಿದಾಗ ಕಂಪ್ಯೂಟರು ಮತ್ತೆ ೨೦೦೯ಕ್ಕೇ ಹೋಗಿ ಕೂತಿತ್ತು.

ರಘೂತ್ತಮರು ನಕ್ಕರು. “ಕರೆಂಟ್ ಹೋದ ಕೂಡ್ಲೆ ಎಲ್ಲಾ ಮರೀತದ. ಇದಕ್ಕ ಚಾಲೂ ಅಂತಾರೇನವಾ?”

“ಒಳಗಿನ ಗಡಿಯಾರದ ಬ್ಯಾಟರಿ ಹೋಗೇತಿ, ಅಷ್ಟ. ಗಜೇಂದ್ರಗಡಕ್ಕ ಹೋಗಿ ತರ್ತೀನಿ.”

“ಅಲ್ಲೀತನಕಾ ಯಾರು ಕಾಯಬೇಕು? ತೂಗ್ರಿ!”

ಮುರ್ತುಜಾಸಾಬ ತಕ್ಕಡಿಯ ಗುಂಡಿ ಒತ್ತಿದ. ಅಂಕಿ ಮೂಡಿತು. ಭಾರತಿಯ ಕಣ್ಣು ಅಲ್ಲೇ ನಟ್ಟಿತು. ಎದ್ದವಳೇ ಅದನ್ನು ಕಸಿದುಕೊಂಡು ಬೆನ್ನಿನ ಮುಚ್ಚಳ ತೆರೆದಳು. ಒಳಗೆ ನಾಣ್ಯದಂಥ ದುಂಡು ಬ್ಯಾಟರಿ, ಕಂಪ್ಯೂಟರಿನ ಗಡಿಯಾರಕ್ಕೆ ಬೇಕಾದ ಅಳತೆಯದೇ.

“ಏ ತಂಗಿ, ಅದು ನನ್ನ ಹೊಟ್ಟಿಪಾಡು!”

“ಸಂಜೀಗೆ ಹೊಸಾದು ತಂದ ಕೊಡ್ತೀನ್ರಿ ಚಾಚಾ. ಈಗ ಮಾತ್ರ ಕೊಡಂಗಿಲ್ಲ.”

ಕಂಪ್ಯೂಟರು ಆರಿಸಿ, ಅದರ ಪಕ್ಕದ ತಗಡು ಬಿಚ್ಚಿ, ಸತ್ತ ಬ್ಯಾಟರಿ ಕಿತ್ತು, ಇದನ್ನು ಕೂರಿಸಿದಳು. ಮತ್ತೆ ಚಾಲೂ ಮಾಡಿ, ತಾರೀಖು ತುಂಬಿ, ಅದನ್ನು ಒಳಗಿನ ಗಡಿಯಾರಕ್ಕೂ ಬರೆಸಿದಳು. ಈ ಸಲ ತಂತ್ರಾಂಶ ಕೊನೆಯ ಸಾಲಿನವರೆಗೂ ಇಳಿಯಿತು.

“ಕರೆಂಟ್ ಹೋಗ್ಲಿ, ಆಮ್ಯಾಲ ನೋಡೂಣು,” ಎಂದರು ರಘೂತ್ತಮರು.

“ಹೋಗೂತನಕಾ ಯಾಕ ಕಾಯ್ತೀರಿ?” ಎಂದು ಭಾರತಿ ಗೋಡೆಯ ಪ್ಲಗ್ಗನ್ನು ಫಟ್ಟನೆ ಕಿತ್ತಳು. ಪರದೆ ಕಪ್ಪಾಯಿತು. ಮತ್ತೆ ಚುಚ್ಚಿದಳು. ಕಂಪ್ಯೂಟರು ಗುರ್ರೆಂದು ಎದ್ದಿತು. ಮೂಲೆಯಲ್ಲಿ ಇವತ್ತಿನ ತಾರೀಖೇ ಇತ್ತು.

ಒಂದು ಸಾಲು ಟೈಪಿಸಿ ಪರದೆಯನ್ನು ರಘೂತ್ತಮರ ಕಡೆ ತಿರುಗಿಸಿದಳು. “ಕನ್ನಡ ಬಂದೈತಿ. ಜೋರಾಗಿ ಓದ್ರಿ.”

ರಘೂತ್ತಮರು ಮುಖ ತಿರುಗಿಸಿದರು. ಮುರ್ತುಜಾಸಾಬನೇ ಬಾಗಿ ಓದಿದ: “ಈ ಕೋಣೆ ಟೈಪಿಂಗ್ ಹುಡುಗಿಯರದು.” ಆಮೇಲೆ ತಲೆಯಾಡಿಸಿದ. “ಚಾಲೂ ಮಾಲ್ರಿ ಇದು. ನಾ ಮುಟ್ಟಂಗಿಲ್ಲ.”

“ಉಳಿದೆರಡು ತೂಗ್ರಿ ಹಂಗಾರ!” ರಘೂತ್ತಮರು ಸಿಡುಕಿದರು.

ಮುರ್ತುಜಾಸಾಬ ಬ್ಯಾಟರಿಯಿಲ್ಲದ ತಕ್ಕಡಿಯನ್ನು ಕಿಸೆಗೆ ಇಳಿಸಿ ಗಾಡಿಯ ಕಡೆ ನಡೆದ. “ಹ್ಯಾಂಗ ತೂಗ್ಲ್ರಿ? ಸತ್ತದ್ದು ಈಗ ನನ್ನ ತಕ್ಕಡಿ.”